ಕಿಟಕಿ ಸಾಲಿನವರ ನೋವು

ಹೆಂಗಸರ ಮೂಳೆ ವಾರ್ಡು
ಗುರುವಾರ, ಊಟದ ತಟ್ಟೆ ಎತ್ತಿಕೊಂಡು ಹೋದ ಮೇಲೆ

ಮುದ್ದಿನ ಗುಬ್ಬಿಗೆ,

ನಿನ್ನ ದೊಡ್ಡಮ್ಮನ ಆಶೀರ್ವಾದ. ಆಶೀರ್ವಾದ ಮೊದಲು, ಸಿಟ್ಟು ಆಮೇಲೆ. ಎರಡೂ ನಿನಗೇ, ಪಾಲು ಕೇಳುವವರು ಬೇರೆ ಯಾರೂ ಇಲ್ಲ.

ಕೆಳಗಿನ ಮಹಡಿಯಲ್ಲಿ ಇರುವವಳಿಗೆ ಕಾಗದ ಬರೀತಾಳಲ್ಲ ಈ ಮುದುಕಿ ಅಂತ ಆಯಾಗಳು ನಗುತ್ತಿದ್ದಾರೆ. ನಗಲಿ. ಫೋನ್ ಮಾಡಿದರೆ ‘ಆಮೇಲೆ ಮಾತಾಡ್ತೀನಿ ದೊಡ್ಡಮ್ಮ’ ಅಂತ ಇಟ್ಟುಬಿಡುತ್ತೀಯ. ಸೋಮವಾರದಿಂದ ಆ ‘ಆಮೇಲೆ’ ಬಂದೇ ಇಲ್ಲ. ಡ್ಯೂಟಿಯನ್ನೂ ಬೇರೆ ವಾರ್ಡಿಗೆ ಹಾಕಿಸಿಕೊಂಡೆಯಂತೆ. ನನ್ನ ಕಾಲಿನ ಮೂಳೆಗೆ ಕಂಬಿ ತೂರಿಸಿ ಮಂಚದ ತುದಿಗೆ ತೂಕ ಇಳಿಬಿಟ್ಟಿದ್ದಾರೆ, ಎದ್ದು ಬಂದು ನಿನ್ನ ಕಿವಿ ಹಿಂಡುವ ಹಾಗಿಲ್ಲ. ಅದಕ್ಕೆ ಕಾಗದ. ಓದದೆ ಮೇಜಿನ ಮೇಲೆ ಬಿಸಾಡಿದರೂ ಅದು ಅಲ್ಲೇ ಕೂತು ನಿನ್ನ ಮುಖ ನೋಡುತ್ತಿರುತ್ತದೆ.

ನಿನ್ನೆ ನಿನ್ನ ಅಮ್ಮ ಫೋನ್ ಮಾಡಿದ್ದಳು. ‘ಅಕ್ಕಾ, ಇನ್ನೇನು ಪಾಸಾಗೋ ಹೊತ್ತಲ್ಲಿ ಆ ಮಗು ಕಾಲು ಯಾಕೆ ಎಳೀತೀಯ?’ ಅಂತ ಕೇಳಿದಳು. ಹಗಲೂ ರಾತ್ರಿ ನನ್ನ ಕಾಲನ್ನೇ ಎಳೆಯುತ್ತಿರುವಾಗ ನಾನು ಯಾರ ಕಾಲು ಎಳೆಯಲಿ ತಾಯಿ, ಅಂದೆ. ನಗಲಿಲ್ಲ. ನೀವಿಬ್ಬರೂ ಒಂದೇ ಅಚ್ಚು. ಸಿಟ್ಟು ಬಂದರೆ ತಮಾಷೆ ಕೇಳಿಸುವುದೇ ಇಲ್ಲ ನಿಮಗೆ.

ನಾನು ಸೋಮವಾರ ನಿನ್ನ ಗೈಡ್ ಮೇಡಂ ಎದುರಿಗೆ ಬಾಯಿ ಬಿಟ್ಟದ್ದು ನಿನ್ನ ಓದಿಗೆ ಕಲ್ಲು ಹಾಕಲಿಕ್ಕಲ್ಲ. ಅದನ್ನು ನಂಬದಿದ್ದರೂ ಪರವಾಗಿಲ್ಲ, ಇದನ್ನು ಕೊನೆಯವರೆಗೂ ಓದು.

ನಿನ್ನ ಸಂಶೋಧನೆ ಶುರುವಾದ ದಿನ ನೆನಪಿದೆಯೇ? ಕಿಟಕಿ ಸಾಲಿನವರಿಗೆ ಡ್ರೆಸ್ಸಿಂಗ್ ಬದಲಿಸುವ ಮುಂಚೆ ಕಿವಿಗೆ ಹೆಡ್‌ಫೋನ್ ಹಾಕಿ ಕೊಳಲು ಕೇಳಿಸುವುದು, ಗೋಡೆ ಸಾಲಿನವರಿಗೆ ಏನೂ ಇಲ್ಲದೆ ಹಾಗೇ ಡ್ರೆಸ್ಸಿಂಗ್. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು? ಒಂದೊಂದು ಮಂಚದ ಹತ್ತಿರವೂ ನಿಂತು ಓದಿ ಹೇಳಿದೆ: ‘ಇದು ನಿಮ್ಮ ಇಷ್ಟ. ಬೇಡ ಅಂದ್ರೂ ನಿಮ್ಮ ಆರೈಕೇಲಿ ಏನೂ ಕಮ್ಮಿ ಆಗಲ್ಲ. ಯಾವಾಗ ಬೇಕಾದ್ರೂ ಬಿಟ್ಟುಬಿಡಬಹುದು.’ ಚೆನ್ನಾಗಿಯೇ ಓದಿದೆ. ನನ್ನ ಎದೆ ಉಬ್ಬಿತು. ನೀನು ಆ ಕಡೆ ತಿರುಗಿದ ಮೇಲೆ ಪಕ್ಕದ ಮಂಚದ ಇಸ್ತ್ರಿಯಕ್ಕ ನನ್ನ ಕಡೆ ವಾಲಿ, ‘ಬೆಡ್‌ಪ್ಯಾನ್ ತರೋಳಿಗೆ ಬೇಡ ಅನ್ನೋಕಾಗುತ್ತಾ ಅಕ್ಕಾ?’ ಅಂದಳು. ಇಬ್ಬರೂ ಕಿಸಕ್ಕನೆ ನಕ್ಕೆವು. ನಕ್ಕು ಸಹಿ ಹಾಕಿದೆವು.

ಆ ಮಾತು ಈಗ ನಗು ತರಿಸುವುದಿಲ್ಲ ಗುಬ್ಬಿ. ನೀನು ನರ್ಸಾಗಿ ಬಂದಾಗ ಕೈಯಲ್ಲಿ ಮಾತ್ರೆ ಇರುತ್ತದೆ, ಸಂಶೋಧನೆಯವಳಾಗಿ ಬಂದಾಗ ಪೆನ್ನು ಇರುತ್ತದೆ. ಮಲಗಿದವರಿಗೆ ಕಾಣುವುದು ಒಂದೇ ಮುಖ. ಬೆಳಿಗ್ಗೆ ಪೆನ್ನಿಗೆ ಬೇಡ ಅಂದರೆ ಸಂಜೆ ಮಾತ್ರೆ ತಡವಾಗುತ್ತದೇನೋ ಅನ್ನುವ ಅಳುಕು. ನೀನು ಹಾಗೆ ಮಾಡುವವಳಲ್ಲ ಅಂತ ನನಗೆ ಗೊತ್ತು. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಅವರಿಗೆ ಹೇಗೆ ಗೊತ್ತಾಗಬೇಕು?

ಇನ್ನು ಆ ಮಧ್ಯಾಹ್ನದ ವಿಷಯ. ನನ್ನ ತಲೆ ಬಾಚುತ್ತಾ ನೀನು ಹೇಳಿದೆಯಲ್ಲ, ‘ಕಿಟಕಿಯವರಿಗೆ ಕಮ್ಮಿ, ಗೋಡೆಯವರಿಗೆ ಜಾಸ್ತಿ ಬಂದ್ರೆ ಗೆದ್ದ ಹಾಗೆ ದೊಡ್ಡಮ್ಮ’ ಅಂತ. ಪಿಸುಗುಟ್ಟಿದೆ ಅಂದುಕೊಂಡೆ ನೀನು. ಪರದೆ ಎಳೆದಿದ್ದೆ ಬೇರೆ. ಪರದೆ ಬಟ್ಟೆಯಮ್ಮ, ಗೋಡೆಯಲ್ಲ. ಹೊತ್ತು ಹೋಗದೆ ಮಲಗಿದವರ ಕಿವಿ ಎಷ್ಟು ಚುರುಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲವೇ?

ನೀನು ಹೋದದ್ದೇ ತಡ, ವಾರ್ಡಿನಲ್ಲಿ ಪಂಚಾಯಿತಿ ಸೇರಿತು. ಗೋಡೆ ಸಾಲಿನ ಕ್ಯಾಂಟೀನಮ್ಮ, ಅದೇ ಆ ಕಛೇರಿ ಕ್ಯಾಂಟೀನು ನಡೆಸುವವಳು, ಮಂಚದಿಂದಲೇ ಆಜ್ಞೆ ಹೊರಡಿಸಿದಳು: ‘ಕಿಟಕಿಯೋರು ಕಮ್ಮಿ ಹೇಳ್ರೇ, ನಾವು ಜಾಸ್ತಿ ಹೇಳ್ತೀವಿ. ನಮ್ಮ ಹುಡುಗಿ ಗೆಲ್ಲಬೇಕು.’ ಎಲ್ಲರೂ ಹೂಂಗುಟ್ಟಿದರು. ನಾನು ನಕ್ಕು ಸುಮ್ಮನಾದೆ. ತಮಾಷೆ ಅಂದುಕೊಂಡೆ, ನಿಜ ಹೇಳಬೇಕೆಂದರೆ ಹೆಮ್ಮೆಯೂ ಆಯಿತು. ಆಮೇಲೆ ನೋಡಿದರೆ ಕ್ಯಾಂಟೀನಮ್ಮ ಬಿಸ್ಕತ್ತು ಕಡಿಯುತ್ತಾ ‘ಎಂಟು’ ಅನ್ನುತ್ತಿದ್ದಾಳೆ, ನೀನು ಬಗ್ಗಿಕೊಂಡು ಬರೆದುಕೊಳ್ಳುತ್ತಿದ್ದೀಯ. ಈ ಕಡೆ ನಮ್ಮ ಕಿಟಕಿ ಸಾಲಿನಲ್ಲಿ ಇಸ್ತ್ರಿಯಕ್ಕ ಟವಲಿನ ತುದಿ ಕಚ್ಚಿಕೊಂಡು ‘ಎರಡು’ ಅನ್ನುತ್ತಿದ್ದಾಳೆ, ಅದನ್ನೂ ಬರೆದುಕೊಳ್ಳುತ್ತಿದ್ದೀಯ. ಆ ಕೊಳಲಿನ ಬಗ್ಗೆ ಅವಳ ಅಭಿಪ್ರಾಯ ಏನು ಗೊತ್ತೇ? ‘ಅಕ್ಕಾ, ಗಾಯ ಆದ್ರೂ ಆಗಾಗ ಸುಮ್ನಿರುತ್ತೆ, ಆ ಕೊಳಲು ಸುಮ್ನಿರಲ್ಲ.’ ನೀನು ಹೇಗಿತ್ತು ಅಂತ ಕೇಳಿದಾಗ ಮಾತ್ರ ‘ತುಂಬಾ ಹಿತವಾಗಿತ್ತು ಸಿಸ್ಟರ್.’

ಸಂಶೋಧನೆಯ ಪ್ರಶ್ನೆಗಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ದೊಡ್ಡ ಡಾಕ್ಟರ್ ಕೇಳಿದಾಗಲೂ ಇಸ್ತ್ರಿಯಕ್ಕ ಎರಡೇ ಅಂದಳು. ಆಗ ನೀನು ಫೈಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಒಬ್ಬಳಿಗೆ ಎರಡು ಹೇಳಿ ಇನ್ನೊಬ್ಬರಿಗೆ ಬೇರೆ ಹೇಳಿದರೆ ನಿನ್ನ ಲೆಕ್ಕ ಕೆಡುತ್ತದೆ ಅಂತ ಅವಳ ಎಣಿಕೆ. ಶನಿವಾರ ಅವಳ ಮೈ ಕೆಂಡವಾಯಿತು. ಬ್ಯಾಂಡೇಜ್ ಬಿಚ್ಚಿದರೆ ಗಾಯದ ಒಳಗೆ ಕೀವು. ಭಾನುವಾರ ಮತ್ತೆ ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗಿ ಕಾಲಿನ ಗಾಯ ಕೊಯ್ದು ತೊಳೆದರು. ನೋವು ಮೊದಲೇ ಕೂಗಿ ಹೇಳಿತ್ತು ಗುಬ್ಬಿ. ಅವಳು ಅದರ ಬಾಯಿ ಮುಚ್ಚಿದ್ದಳು, ನಿನಗೋಸ್ಕರ.

ಸೋಮವಾರ ನಿನ್ನ ಗೈಡ್ ಮೇಡಂ ಬಂದು ನನ್ನ ಮಂಚದ ಬುಡದಲ್ಲೇ ನಿಂತು ನಿನಗೆ ಹೇಳಿದ್ದು ನಾನು ಕೇಳಿಸಿಕೊಂಡೆ. ‘ಅವರೊಬ್ಬರನ್ನ ಬಿಟ್ಬಿಡು. ಇನ್ಫೆಕ್ಷನ್ ಆದವರನ್ನ ತಗೊಂಡಿಲ್ಲ ಅಂತ ಒಂದು ಸಾಲು ಸೇರಿಸು. ಮಿಕ್ಕಿದ್ದೆಲ್ಲ ಚೆನ್ನಾಗಿ ಬಂದಿದೆ.’ ಅಲ್ಲ, ಬಟ್ಟೆ ಹೊಲಿದು ಮುಗಿಸಿ, ಆಮೇಲೆ ಆ ಬಟ್ಟೆಗೆ ಸರಿಹೋಗುವ ಹಾಗೆ ಅಳತೆ ಬರೆದುಕೊಳ್ಳುವುದು ಯಾವ ನ್ಯಾಯ? ಅಷ್ಟು ವರ್ಷ ಮೆಷಿನ್ ತುಳಿದವಳು ನಾನು, ನನಗೆ ತಡೆಯಲಾಗಲಿಲ್ಲ. ಚೆನ್ನಾಗಿ ಬಂದಿರುವುದೆಲ್ಲ ಇವರು ನಿಮಗಾಗಿ ಬರಿಸಿಕೊಟ್ಟದ್ದು ಮೇಡಂ, ಅಂದೆ. ಕ್ಯಾಂಟೀನಮ್ಮ ಮುಸುಕು ಹಾಕಿಕೊಂಡಳು. ನಿನ್ನ ಮುಖ ಬಿಳುಚಿತು. ‘ಅವರೇ ಎರಡು ಅಂದ್ರು ದೊಡ್ಡಮ್ಮ. ನೋವು ಅಳೆಯೋಕೆ ಟೇಪ್ ಇಲ್ಲ. ಕೇಳ್ಬೇಕು, ಹೇಳಿದ್ದನ್ನ ನಂಬಬೇಕು. ನನಗೆ ಕಲಿಸಿರೋದೇ ಅದು’ ಅಂದು ಹೊರಟುಹೋದೆ.

ಆ ಮಾತನ್ನು ಈ ನಾಲ್ಕು ದಿನ ಅಗಿದೆ. ಅದು ಸರಿಯಾದ ಮಾತೇ. ಅದಕ್ಕೇ ನನಗೆ ಇನ್ನೂ ಸಿಟ್ಟು. ನಮ್ಮ ಅಂಗಡಿಯಲ್ಲಿ ರವಿಕೆ ತೊಡಿಸಿ ಬಿಗಿಯಾ ಅಂತ ಕೇಳಿದರೆ ಎಲ್ಲರೂ ಸರಿಯಾಗಿದೆ ಅನ್ನುವವರೇ, ಹೊಲಿದವಳ ಮುಖ ನೋಡಿ. ನಾನು ಕೈ ಎತ್ತಿಸಿ ಮೇಲಿನ ಕಪಾಟು ಮುಟ್ಟಿಸುತ್ತಿದ್ದೆ, ಕಂಕುಳಿನ ಹೊಲಿಗೆ ತಾನೇ ಹೇಳುತ್ತಿತ್ತು. ನೋವಿಗೆ ಅಂಥ ಕಪಾಟು ಎಲ್ಲಿದೆ? ನನಗೆ ಗೊತ್ತಿಲ್ಲ. ಟವಲು ಕಚ್ಚಿದವರೆಲ್ಲ ನೋವಿನಲ್ಲಿದ್ದಾರೆ, ಬಿಸ್ಕತ್ತು ತಿನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಅಂತ ಹೇಳಲೂ ಆಗದು. ಕ್ಯಾಂಟೀನಮ್ಮನ ಸೊಂಟ ನಿಜವಾಗಿ ಎಂಟು ಆದ ದಿನವೂ ಬಿಸ್ಕತ್ತು ಬಿಡುವ ಹೆಂಗಸಲ್ಲ ಅವಳು.

ನಿನ್ನ ಕಷ್ಟ ಕಾಣದ ಕುರುಡಿ ನಾನಲ್ಲ. ಮೂರು ಜನ ಮಾಡುವ ಕೆಲಸ ನೀನೊಬ್ಬಳೇ ಮಾಡುತ್ತಾ, ಅದರ ಸಂದಿನಲ್ಲಿ ಆ ಹೆಡ್‌ಫೋನ್ ಹಿಡಿದು ಓಡುತ್ತಿದ್ದೆ. ಸಂಶೋಧನೆ ಮಾಡು ಅನ್ನುತ್ತಾರೆ, ಮಾಡಲಿಕ್ಕೆ ಹೊತ್ತು ಕೊಡುವುದಿಲ್ಲ. ಕೇಳುವವಳು ಬೇರೆ, ಆರೈಕೆ ಮಾಡುವವಳು ಬೇರೆ ಇರಬೇಕು ಅಂದರೆ, ಆ ಬೇರೆಯವಳನ್ನು ನೀನು ಎಲ್ಲಿಂದ ತರಬೇಕು? ನಿನ್ನ ಮೇಡಂಗೆ ನಿನ್ನಂಥವರು ಇನ್ನೆಷ್ಟು ಜನವೋ, ಎಲ್ಲರದೂ ಬೇಗ ಮುಗಿದರೆ ಸಾಕು ಅವರಿಗೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತಲೇ ತಿಳಿಯದೆ ದಿಂಬು ಗುದ್ದುತ್ತಿದ್ದೇನೆ. ಹತ್ತಿ ಗಂಟು ಕಟ್ಟಿಕೊಂಡಿದೆ.

ಆದರೂ ಕೇಳುತ್ತೇನೆ. ಇಸ್ತ್ರಿಯಕ್ಕನನ್ನು ಬಿಟ್ಟು ನಿನ್ನ ಸಂಶೋಧನೆಯ ಪುಸ್ತಕ ಬರೆದು ಕೊಟ್ಟುಬಿಟ್ಟರೆ ನೀನು ಪಾಸಾಗುತ್ತೀಯ. ಆಮೇಲೆ ಬೇರೆ ಎಲ್ಲೋ ಒಬ್ಬ ನರ್ಸು ಅದನ್ನು ಓದಿ, ಕೊಳಲು ಕೇಳಿಸಿದರೆ ನೋವು ಕಮ್ಮಿ ಅಂತ ನಂಬಿ, ಕೊಡಬೇಕಾದ ಇಂಜೆಕ್ಷನ್ ಒಂದು ಗಳಿಗೆ ತಡ ಮಾಡಿದರೆ? ಆ ಮಂಚದ ಮೇಲೂ ಯಾರೋ ಟವಲು ಕಚ್ಚಿಕೊಂಡಿರುತ್ತಾರೆ. ಇದ್ದದ್ದು ಇದ್ದ ಹಾಗೆ ಬರಿ. ಎರಡು ಅಂದವಳು ಯಾಕೆ ಎರಡು ಅಂದಳು ಅನ್ನುವುದನ್ನೂ ಬರಿ. ಒಂದು ವರ್ಷ ಹಿಂದೆ ಬೀಳುತ್ತೀಯ. ನಿನ್ನ ಅಮ್ಮ ನನ್ನ ಜತೆ ಮಾತು ಬಿಡುತ್ತಾಳೆ. ಬಿಡಲಿ, ಅವಳು ಮಾತು ಬಿಟ್ಟರೆ ಮೂರು ದಿನ, ನಾಲ್ಕನೆಯ ದಿನ ತಾನೇ ಫೋನ್ ಮಾಡುತ್ತಾಳೆ.

ಈಗ ಮುಖ್ಯವಾದ ಮಾತು, ಇದಕ್ಕಾಗಿಯೇ ಇಷ್ಟುದ್ದ ಬರೆದೆ.

ನಾನು ನಿನ್ನ ಸಂಶೋಧನೆ ಬಿಡುತ್ತಿದ್ದೇನೆ. ಯಾವಾಗ ಬೇಕಾದರೂ ಬಿಡಬಹುದು ಅಂತ ನೀನೇ ಓದಿ ಹೇಳಿದ್ದೆಯಲ್ಲ, ಆ ಮಾತಿನ ಮೇಲೆ ಬಿಡುತ್ತಿದ್ದೇನೆ. ನಾನು ಕೊಟ್ಟ ಉತ್ತರವೆಲ್ಲ ತೆಗೆದುಹಾಕು. ಈ ವಾರ್ಡಿನಲ್ಲಿ ನಿನಗೆ ಬೇಡ ಅಂದವರು ಇದುವರೆಗೆ ಒಬ್ಬರೂ ಇಲ್ಲ. ನಾನೇ ಮೊದಲು.

ಸಿಟ್ಟು ಮಾಡಿಕೊಂಡು ಅರ್ಧಕ್ಕೆ ನಿಲ್ಲಿಸಬೇಡ, ಇನ್ನೆರಡು ಸಾಲಿದೆ. ನಾಳೆ ನೀನು ಇಲ್ಲಿಗೆ ಬರಬೇಕು. ಎಲ್ಲರ ಎದುರಿಗೆ ಬಂದು, ಯಾವತ್ತಿನ ಹಾಗೆ ನನ್ನ ತಲೆ ಬಾಚಬೇಕು. ಪರದೆ ಎಳೆಯಬೇಡ. ಬೇಡ ಅಂದವಳಿಗೂ ಈ ಹುಡುಗಿ ಅದೇ ಕೈಯಲ್ಲಿ ಆರೈಕೆ ಮಾಡುತ್ತಾಳೆ ಅಂತ ಎರಡು ಸಾಲಿನವರೂ ಕಣ್ಣಾರೆ ನೋಡಲಿ. ನೀನು ಓದಿ ಹೇಳಿದ್ದು ಅವರ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಕಂಡರೆ ಇಳಿಯುತ್ತದೆ. ಆಮೇಲೆ ಬೇಕಿದ್ದರೆ ನಿನ್ನ ಬದಲು ಬೇರೆ ಯಾರನ್ನಾದರೂ ಕಳಿಸಿ ಮೊದಲಿನಿಂದ ಕೇಳಿಸು.

ಬಾಚಣಿಗೆ ದಿಂಬಿನ ಕೆಳಗೆ ಇಟ್ಟಿದ್ದೇನೆ. ಸೋಮವಾರದಿಂದ ಯಾರ ಕೈಗೂ ಕೊಟ್ಟಿಲ್ಲ. ತಲೆ ಹಕ್ಕಿಗೂಡಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮೇಲೆ ಸಿಟ್ಟಿರುವ, ನಿನ್ನನ್ನು ಬಿಟ್ಟು ಬೇರೆ ಯಾರ ಮೇಲೂ ಇಷ್ಟು ಸಿಟ್ಟು ಮಾಡಲಾರದ

ದೊಡ್ಡಮ್ಮ

ತಾ.ಕ.: ಇದನ್ನು ಮಡಿಚುವ ಮುಂಚೆ ಇಸ್ತ್ರಿಯಕ್ಕನಿಗೆ ಓದಿ ಹೇಳಿದೆ. ಅವಳ ಮಾತು ಇದರಲ್ಲಿ ಇದೆಯಲ್ಲ, ಕೇಳದೆ ಕಳಿಸಬಾರದು ಅನ್ನಿಸಿತು. ಕಳಿಸಿ ಅಂದಳು. ಆಮೇಲೆ ಮೊದಲ ಸಲ ಅವಳೇ ಬೆಲ್ ಒತ್ತಿದಳು. ನಿನ್ನ ಬದಲಿಗೆ ಬಂದಿರುವ ನರ್ಸು ಬಂದು ನೋವು ಎಷ್ಟು ಅಂತ ಕೇಳಿದಳು. ‘ಒಂಬತ್ತು’ ಅಂದಳು. ತಕ್ಷಣ ಇಂಜೆಕ್ಷನ್ ಕೊಟ್ಟರು, ಈಗ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಾಳೆ. ಕಣ್ಣು ಮುಚ್ಚುವ ಮುಂಚೆ ನನ್ನ ಕೈ ಹಿಡಿದು ಹೇಳಿದ್ದು ಇಷ್ಟು: ‘ಒಂಬತ್ತು ಅಂದಿದ್ದು ಮಾತ್ರ ಗುಬ್ಬಿ ಸಿಸ್ಟರ್‌ಗೆ ಬರೀಬೇಡಿ ಅಕ್ಕಾ. ಬೇಜಾರು ಮಾಡ್ಕೋತಾರೆ.’ ನಾನು ಹೂಂ ಅನ್ನಲಿಲ್ಲ. ಬರೆದಿದ್ದೇನೆ.