ಅಜ್ಜಿಯ ಹಾಡಿನ ಪ್ರಿಂಟು

ಬಾಗಲೂರು, ಹೊಸೂರು ತಾಲ್ಲೂಕು
9 ಮಾರ್ಚ್ 2025, ಭಾನುವಾರ

ಪ್ರೀತಿಯ ಅಜ್ಜೀ,

ಮಂಡಿನೋವು ಹೇಗಿದೆ? ಜವಳಗಿರಿಯ ಚಳಿ ಇನ್ನೂ ಬಿಟ್ಟಿಲ್ಲವೆಂದು ಭಾಗ್ಯಮ್ಮತ್ತೆ ಫೋನಿನಲ್ಲಿ ಹೇಳಿದರು. ಸಂಜೆ ಹೊತ್ತು ಕಾಡಂಚಿಗೆ ಸೌದೆಗೆ ಹೋಗಬೇಡ. ನಿನ್ನ ಬೈಗುಳಕ್ಕೆ ನಾವು ಹೆದರಿದ ಹಾಗೆ ಆನೆ ಹೆದರುವುದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ.

ಇದರ ಜೊತೆ ಇಟ್ಟಿರುವ ಹಾಳೆಗಳನ್ನು ನೋಡಿದೆಯಾ? ನಿನ್ನ ಹಾಡುಗಳೇ. ಮೂರನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ನೀನೇ ಓದಿಕೊಳ್ಳಲೆಂದು ಅಕ್ಷರ ದೊಡ್ಡದು ಮಾಡಿಸಿದ್ದೇನೆ. ನೀನು ಇಲ್ಲಿದ್ದಾಗ ಮಾವಿನ ನೆರಳಲ್ಲಿ ರಾಗಿ ಹಸನು ಮಾಡುತ್ತ ಹಾಡಿದ್ದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೆನಲ್ಲ, ಅವು. ಆ ಫೋನು ಆಮೇಲೆ ಕೆಟ್ಟುಹೋಯಿತು. ಟೈಪ್ ಮಾಡಿದ್ದಷ್ಟೇ ಉಳಿದದ್ದು. ಮೊನ್ನೆ ಸಂಜೆ ಕಂಪನಿ ಕೆಲಸ ಮುಗಿದ ಮೇಲೆ ಮೂಕಂಡಪಲ್ಲಿಯ ಚಲಪತಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ, ಹಾಡೆಲ್ಲ ಇಟ್ಟಿಗೆ ಗೋಡೆಯ ಹಾಗೆ ಒಂದೇ ಸಮ ಬಂದಿತ್ತು. "ಏನಮ್ಮಾ ಇದು, ಜಮೀನು ಪತ್ರನಾ?" ಎಂದು ಚಲಪತಿ ನಕ್ಕ. ನಾನು ಟೈಪ್ ಮಾಡಿದ್ದ ಕಂಪ್ಯೂಟರಿನ ಸಾದಾ ಎಡಿಟರ್ ಪ್ರೋಗ್ರಾಮಿನಲ್ಲಿ ಸಾಲು ಎಲ್ಲಿ ಮುರಿಯಬೇಕೆಂದು ನಾವೇ ಹೇಳಬೇಕಂತೆ. ನನಗೇ ತಿಳಿಯದ್ದನ್ನು ಅದಕ್ಕೇನು ಹೇಳಲಿ?

ಆ ಹಾಳೆ ಊಟದ ಹೊತ್ತಿನಲ್ಲಿ ಅಪ್ಪನ ಕೈಗೆ ಸಿಕ್ಕಿತು. ಮಾವಿನ ಮರ ಕಡಿಸಿ ಗುಲಾಬಿ ಬೆಳೆಯಲು ಶೆಡ್ ಹಾಕಿಸಿದರೆಂದು ನೀನು ಮುನಿಸಿಕೊಂಡು ಭಾಗ್ಯಮ್ಮತ್ತೆಯ ಮನೆಗೆ ಹೊರಟುಹೋದ ಮೇಲೆ ಅಪ್ಪ ನಿನ್ನ ಮಾತೇ ಎತ್ತಿರಲಿಲ್ಲ. ಬೈಯುತ್ತಾರೆಂದು ಹೆದರಿದೆ. ಓದುತ್ತ ಓದುತ್ತ ಜೋರಾಗಿ ನಕ್ಕುಬಿಟ್ಟರು. ಹಾಡಿನ ನಡುವೆ ನೀನು ಕೋಳಿ ಅಟ್ಟಿದ್ದನ್ನೂ ಸೇರಿಸಿ ಟೈಪ್ ಮಾಡಿದ್ದೆ! "'ಕಲ್ಲೇ ಮೆಲ್ಲಗೆ ತಿರುಗೆ ಹುಶ್ ಹೋಗೆ ಆಚೆ ಕಂದ ಮಲಗವನೆ' ಅಂತ ಐತಲ್ಲಮ್ಮೀ!" ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿದರು. "ಹಿಂಗಲ್ಲ ಕಣಮ್ಮೀ. ಇಲ್ಲಿ ನಿಲ್ಸಬೇಕು. ಅಮ್ಮ ಇಲ್ಲಿ ಉಸ್ರು ತಗಂತಿದ್ಲು" ಎಂದು ಹಾಡಿಯೇ ತೋರಿಸಿದರು.

ಅಜ್ಜೀ, ಅಪ್ಪನಿಗೆ ಹಾಡು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಒರಟು ಗಂಟಲು, ಆದರೆ ನಿನ್ನದೇ ಎಳೆತ. ಬೀಸುವ ಕಲ್ಲಿನ ಪಕ್ಕ ನಿನ್ನ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದರಂತೆ. ರಾಗಿಹಿಟ್ಟು ರೆಪ್ಪೆಯ ಮೇಲೆ ಬೀಳುತ್ತಿತ್ತಂತೆ. ನಾನು ಕಂಪ್ಯೂಟರ್ ತೆರೆದು ಕೂತು, ಅವರು ಉಸಿರೆಳೆದಲ್ಲೆಲ್ಲ ಎಂಟರ್ ಒತ್ತಿ ಸಾಲು ಮುರಿಯುತ್ತ ಹೋದೆ. ಕೋಳಿಯನ್ನು ಅಳಿಸಲು ಹೋದರೆ, "ಇರ್ಲಿ ಬಿಡು, ಅದೂ ಅಮ್ಮಂದೇ" ಎಂದರು. ಹಾಗಾಗಿ ಅದೂ ಇದೆ, ನೋಡು, ಅದಕ್ಕೇ ಒಂದು ಸಾಲು.

ಅತ್ತೆ, ಮಾವ ಇಬ್ಬರಿಗೂ ನನ್ನ ನಮಸ್ಕಾರ ಹೇಳು. ಬರೆದದ್ದರಲ್ಲಿ ತಪ್ಪಿದ್ದರೆ ಬೈದು, ಆಮೇಲೆ ಹರಸು.

ನಿನ್ನ ಮೊಮ್ಮಗಳು
ಭೂಮಿಕಾ

ತಾ.ಕ.: ಕೊನೆಯ ಹಾಡಿನ ಕೆಳಗೆ ಜಾಗ ಖಾಲಿ ಬಿಟ್ಟಿದೆ. ಅದರ ಕಡೇ ಸಾಲುಗಳು ಅಂದು ಫೋನಿನಲ್ಲಿ ಹಿಡಿದಿರಲಿಲ್ಲ, ಅಪ್ಪನಿಗೂ ನೆನಪಾಗಲಿಲ್ಲ. ಫೋನು ಮಾಡಿ ಕೇಳೋಣ ಎಂದೆ. "ಬ್ಯಾಡ, ನಾನೇ ಹೋಗಿ ಕೇಳ್ಕಂಡು, ಅಮ್ಮನ್ನೂ ಕರ್ಕಂಡು ಬತ್ತೀನಿ" ಎಂದರು. ಮುಂದಿನ ಭಾನುವಾರ ಹೊರಡುತ್ತಾರೆ. ನಿನಗೆ ಹೇಳಬಾರದೆಂದಿದ್ದಾರೆ. ಅಜ್ಜೀ, ಬಾಗಿಲು ಹಾಕಿಕೊಂಡು ಕೂರಬೇಡ.