ಬಲಗೈಗೆ ನೀರಿನ ಕೊಡ

ಸಾಯಗಾಂವ
12-2-1988

ಚಿ. ಸೌ. ಶಿವಕಾಂತಾಳಿಗೆ ನಿನ್ನ ನೆಗೆಣ್ಣಿ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬಾವಿ ತಳ ಕಂಡಿದೆ, ಎರಡು ಮೈಲಿ ನಡೆದು ಕೊಡ ಹೊತ್ತು ಬಂದ ಮೇಲೆ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಅರ್ಧ ಊರು ಹೈದರಾಬಾದಿಗೆ ಹೋಗಿದೆ. ಮೈದುನ ಮಡೆಪ್ಪನಿಗೆ ಕೊಳಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಹತ್ತಿರ ಬೀದರಿನಲ್ಲಿ ನಿಮಗೊಂದು ಬಾಡಿಗೆ ಮನೆ ಸಿಕ್ಕಿತು. ಈ ಬರಗಾಲದಲ್ಲಿ ಅದೇ ದೊಡ್ಡದು.

ಅತ್ತೆಯವರು ದಿನಕ್ಕೆ ಅರ್ಧ ರೊಟ್ಟಿಯನ್ನೂ ಉಣ್ಣುತ್ತಿಲ್ಲ, "ಕೌಸಲ್ಯಾ ಬರೂತನಕ ನಂಗ ತುತ್ತು ಇಳಿಯಂಗಿಲ್ಲ" ಅನ್ನುತ್ತಾರೆ ಎಂದು ಬರೆದಿದ್ದೀಯ. ಆ ಸಾಲನ್ನು ಎರಡು ಸಲ ಓದಿದೆ. ಆದರೆ ತಂಗಿ, ಕಣ್ಣಿಲ್ಲದ ಜೀವವನ್ನು ಹೊಸ ಮನೆಯ ಮೂಲೆಯಲ್ಲಿ ಕೂಡಿಸಿದರೆ ಅವರಾದರೂ ಏನು ಮಾಡಬೇಕು? ಇಲ್ಲಿ ಅವರು ಯಾರ ಕೈಯನ್ನೂ ಹಿಡಿಯದೆ ಅಂಗಳದವರೆಗೆ ಹೋಗುತ್ತಿದ್ದರು.

ಮೊದಲು ಅವರು ಮಲಗುವ ಹೊರಸನ್ನು ಇಲ್ಲಿದ್ದಂತೆಯೇ ಹಾಕು. ಎದ್ದು ಕೂತರೆ ಬಾಗಿಲು ಎದುರಿಗೆ ಇರಬೇಕು, ನೀರಿನ ಕೊಡ ಬಲಗೈಗೆ ಸಿಗಬೇಕು, ಕೋಲು ಎಡಗೈಗೆ. ಹೊರಸಿನಿಂದ ಬಚ್ಚಲಿನವರೆಗೆ ನನ್ನದೊಂದು ಹಳೆ ಸೀರೆ ಕಟ್ಟು. ಅತ್ತೆಯವರ ಟ್ರಂಕಿನಲ್ಲಿದೆ. ಹಿಡಿದುಕೊಂಡು ಹೋಗುತ್ತಾರೆ. ನಿನಗೆ ದಿನಕ್ಕೊಮ್ಮೆ ಸಾಮಾನು ಸರಿಸುವ ಚಟ ಇದೆ, ಅದನ್ನು ಬಿಡು ಮಾರಾಯ್ತಿ! ನಿನಗೆ ಮನೆ ಚೆಂದ ಕಾಣುತ್ತದೆ, ಅವರು ಎಡವಿ ಬೀಳುತ್ತಾರೆ.

ಬೆಳಗ್ಗೆ ಲಿಂಗಪೂಜೆ ಮುಗಿದ ಮೇಲೆ ಮೊರದಲ್ಲಿ ಒಂದು ಸೇರು ತೊಗರಿಬೇಳೆ ಹಾಕಿ ಮುಂದಿಡು, ಹಸನು ಮಾಡಲಿ. ನಮ್ಮ ಕಣ್ಣಿಗೆ ಸಿಗದ ಹರಳು ಅವರ ಬೆರಳಿಗೆ ಸಿಗುತ್ತದೆ. ಕೆಲಸವಿಲ್ಲದ ಕೈಗೆ ಹಸಿವು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಔರಾದದ ನಿನ್ನ ತವರಿನಲ್ಲಿ ಹಿರಿಯರಿಗೆ ಸದ್ದಿಲ್ಲದೆ ಬಡಿಸುವುದು ಮರ್ಯಾದೆ. ನೀನು ಅತ್ತೆಯವರಿಗೂ ಹಾಗೇ ಬಡಿಸುತ್ತೀಯ, ನಾನು ನೋಡಿದ್ದೇನೆ. ಅದು ತಪ್ಪು. ತಟ್ಟೆ ಇಡುವಾಗ ಕೈ ಅಲ್ಲಾಡಿಸಿ ಬಳೆ ಸದ್ದು ಮಾಡು. ಅವರಿಗೆ ನಮ್ಮ ಮುಖ ಎಂದರೆ ಬಳೆಯ ಸದ್ದೇ. ನಾನು ಹೊಸ್ತಿಲು ದಾಟುವ ಮೊದಲೇ "ಬಂದ್ಯಾ ಕೌಸಿ? ಇವತ್ತ ಬಳಿ ಒಂದು ಕಡಿಮಿ ಆಗ್ಯಾದಲ್ಲ, ಎಲ್ಲಿ ಒಡಕೊಂಡಿ?" ಅನ್ನುತ್ತಿದ್ದರು. ನೋಡಿದರೆ ನಿಜಕ್ಕೂ ಒಂದು ಕಡಿಮೆ ಇರುತ್ತಿತ್ತು!

"ದೊಡ್ಡವ ಎಲ್ಲಿ?" ಎಂದು ಅತ್ತೆಯವರು ಕೇಳಿದರೆ, ಕಬ್ಬು ಕಡಿಯಲು ಹೋಗಿದ್ದಾನೆ ಎಂದೇ ಹೇಳುತ್ತಿರಿ.

ನೀನು ಕೊನೆಗೆ ಕೇಳಿದ್ದೀಯ, "ಅಕ್ಕ, ಭಾಲ್ಕಿಗೆ ಬಂದ್ರ ಬಸ್ಸು ಸಿಗ್ತಾವರಿ. ಬೀದರ ಏನು ಕಾಶಿ ಏನ್ರಿ? ಯಾಕ ಬರವಲ್ರಿ? ನಮ್ಮ ಮ್ಯಾಲ ಸಿಟ್ಟದ ಏನ್ರಿ?" ಎಂದು. ಹುಚ್ಚಿ, ನಿಮ್ಮ ಮೇಲೆ ನನಗೆಂಥ ಸಿಟ್ಟು? ಬರಲು ಕಾಲು ಗಟ್ಟಿಯಾಗಿವೆ. ಕಾರಣ ಬೇರೆ.

ಬಸವಣ್ಣ ನಿಮ್ಮ ಹೊಸ ಮನೆಯ ಒಲೆ ಆರದಂತೆ ನೋಡಿಕೊಳ್ಳಲಿ. ಮಡೆಪ್ಪನಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ಅಕ್ಕ,
ಕೌಸಲ್ಯಾಬಾಯಿ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಮ್ಮವರು ಕಬ್ಬಿನ ಗಾಡಿಯ ಕೆಳಗೆ ಸಿಕ್ಕು ಹೋಗಿ ಇವತ್ತಿಗೆ ಐವತ್ತೆರಡು ದಿನ. ಹೊಲದಲ್ಲಿ ಅವರನ್ನು ಮಣ್ಣು ಮಾಡಿದ ದಿನ, ಅತ್ತೆಯವರನ್ನು ಬೀದರಿನಲ್ಲೇ ನೆರೆಮನೆಯವರ ಹತ್ತಿರ ಬಿಟ್ಟು ಬಂದು, ನೀನೇ ನನ್ನನ್ನು ಹಿಡಿದು ನಿಂತಿದ್ದೆ. ಮಗ ಹೋದದ್ದು ತಿಳಿದರೆ ಅತ್ತೆಯವರ ಜೀವ ಉಳಿಯದು, ಹೇಳುವುದು ಬೇಡ ಎಂದು ಮೂವರೂ ಆಣೆ ಮಾಡಿದೆವು. ಆದರೆ ಅಂದೇ ನನ್ನ ಬಳೆ ಒಡೆದರಲ್ಲ ತಂಗಿ. ಬೋಳು ಕೈಯಲ್ಲಿ ಬಂದು ಅವರ ಮುಂದೆ ಕೂತರೆ ನಾವು ಬಾಯಿ ಬಿಡುವುದೇ ಬೇಡ, ಅವರಿಗೆ ತಿಳಿದುಹೋಗುತ್ತದೆ. ಅದಕ್ಕೇ ಬರಲಿಲ್ಲ.

ನಿನ್ನ ಪತ್ರವನ್ನು ಪಕ್ಕದ ಮನೆಯ ಹಾಜಿರಾಬೀಗೆ ಓದಿ ಹೇಳಿದ್ದೆ. ಮೊನ್ನೆ ಅವಳು ಭಾಲ್ಕಿ ಸಂತೆಯಿಂದ ಒಂದು ಡಜನ್ ಹಸಿರು ಬಳೆ ತಂದು ನನ್ನ ಉಡಿಗೆ ಹಾಕಿದಳು. "ತೊಟ್ಕೋ ಕೌಸಲ್ಯಾ. ಮುದುಕಿ ಹೊಟ್ಟಿಗಿ ಉಣ್ಲಿ. ಊರ ಮಂದಿ ಏನರ ಅನ್ಲಿ" ಅಂದಳು. ಶರಣರ ಹೆಸರು ಹೇಳುವ ನಾವು ಒಡೆದೆವು, ಅವಳು ತಂದು ಕೊಟ್ಟಳು. ಆಕೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಸೋಮವಾರದ ಬಸ್ಸಿಗೆ ಬರುತ್ತೇನೆ. ಇಲ್ಲಿಂದ ತೊಟ್ಟು ಹೊರಡುವ ಧೈರ್ಯ ನನಗಿಲ್ಲ. ನಿಮ್ಮ ಓಣಿಯ ತಿರುವಿನಲ್ಲಿ ತೊಟ್ಟುಕೊಳ್ಳುತ್ತೇನೆ. ಬಾಗಿಲಲ್ಲಿ ನನ್ನ ಕೈ ನೋಡಿ ನೀನು ಅಳಬೇಡ. ಅತ್ತೆಯವರಿಗೆ ಕಣ್ಣಷ್ಟೇ ಇಲ್ಲ, ಕಿವಿ ಇವೆ.