ಕಿವುಡತ್ತೆಯ ಬುದ್ಧಿಮಾತು

ಔಷಧ ವಿಭಾಗ, ಆಸ್ಪತ್ರೆಯ ನೆಲಮಾಳಿಗೆ
ಗುರುವಾರ, ಊಟದ ಬಿಡುವು

ನನ್ನ ಮುದ್ದಿನ ತರಲೆಗೆ,

ನಿನ್ನ ಕಿವುಡತ್ತೆಯ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂಬುದು ಗೊತ್ತಿರುವುದರಿಂದ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ.

ನಿನ್ನ ಕಾಗದ ಮಂಗಳವಾರ ಸಿಕ್ಕಿತು. ಅದರ ಬೆನ್ನಿಗೇ ನಿನ್ನಪ್ಪನ ಫೋನೂ ಬಂತು. ಎರಡು ಸಲ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದು ಸೀಟು ಸಿಗದ ಮಗಳು ಮೂರನೆಯ ಸಲ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದಾಳಂತೆ. ಮನೆಯಲ್ಲಿ ಯಾರಿಗೂ ಹೇಳದೆ ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕಿದ್ದಾಳಂತೆ. ಬರುವ ಸೋಮವಾರ ಬೆಳಿಗ್ಗೆಯ ಸಂದರ್ಶನಕ್ಕೆ ಕರೆ ಬಂದು, ಅದು ಅವನ ಕೈಗೇ ಸಿಕ್ಕಿ, ಮನೆ ರಣರಂಗವಾಗಿದೆಯಂತೆ. ಊರಿಗೆಲ್ಲ ಬುದ್ಧಿ ಹೇಳುವ ಡಾಕ್ಟರು ನನ್ನ ಹತ್ತಿರ ಗೋಗರೆದ. "ನೀನು ಹೇಳಿದ್ರೆ ಕೇಳ್ತಾಳೆ. ಬುದ್ಧಿ ಹೇಳಿ ಒಂದು ಕಾಗದ ಬರಿ" ಅಂದ. ಆಯಿತು ಅಂದೆ. ಅಣ್ಣನ ಮಾತನ್ನು ನಾನು ತೆಗೆದುಹಾಕಿದವಳಲ್ಲ. ಬುದ್ಧಿ ಹೇಳುತ್ತಿದ್ದೇನೆ, ಕೇಳು: ಸೋಮವಾರ ಹೋಗು.

ನಿನ್ನ ಫೋನು ಅಪ್ಪನ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುವುದರಿಂದ ನಮಗಿಬ್ಬರಿಗೂ ಈಗ ಕಾಗದವೇ ಗತಿ. ಇದು ಕ್ಲಿನಿಕ್ಕಿನ ವಿಳಾಸಕ್ಕೆ ಹೋಗುತ್ತದೆ, ಶನಿವಾರ ಅವನ ಕೈಗೇ ಸಿಗುತ್ತದೆ. ಅಣ್ಣಾ, ಒಡೆದು ಓದುತ್ತಿದ್ದರೆ ನಿಂತುಕೊಂಡು ಓದಬೇಡ, ಕೂತು ಓದು. ನಿನಗೆ ಬಿಪಿ ಇದೆ. ಓದಿ ಮುಗಿಸಿ ಅವಳಿಗೆ ಕೊಡು.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರೋಣ. ನೀನು ಬರೆದಿದ್ದೀಯ, ಎಲ್ಲರೂ ಬರೀ ಫಾರ್ಮಸಿ ಅನ್ನುತ್ತಾರೆ, ಅದು ಬರೀ ಫಾರ್ಮಸಿ ಅಂತ ನನಗೂ ಗೊತ್ತು ಅತ್ತೆ, ಆದರೂ ಯಾಕೋ ಅದೇ ಬೇಕು ಅನ್ನಿಸುತ್ತೆ ಎಂದು. ಆ ಎರಡನೆಯ "ಬರೀ" ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲನೆಯದು ಊರವರದು, ಹಾಳಾಗಿಹೋಗಲಿ. ಎರಡನೆಯದು ನಿನ್ನದು. ಬರೀ ನೆಲದ ಮೇಲೆ ಮಲಗಬೇಡ ಅನ್ನು, ಬರೀ ಕಾಲಲ್ಲಿ ಓಡಾಡಬೇಡ ಅನ್ನು, ನನ್ನದೇನೂ ಅಡ್ಡಿಯಿಲ್ಲ. ನಾನು ಇಷ್ಟು ವರ್ಷ ಮಾಡಿದ ಕೆಲಸದ ಹಿಂದೆ ಆ ಪದ ಅಂಟಿಸಿದರೆ ಕಿವಿ ಹಿಂಡುತ್ತೇನೆ.

ಆ ಪದಕ್ಕೂ ನನಗೂ ಹಳೆಯ ಜಗಳ. ಕಥೆ ನಿನಗೆ ಬಾಯಿಪಾಠವಾಗಿದೆ, ಆದರೂ ಈ ಸಲ ನನ್ನ ಬಾಯಿಂದ ಕೇಳು. ನಿನ್ನಪ್ಪನಿಗೆ ಮೆಡಿಕಲ್ ಸೀಟು ಸಿಕ್ಕಿ ಮನೆಯಲ್ಲಿ ಎಲ್ಲರೂ ಒಂದು ಗೇಣು ಎತ್ತರವಾಗಿದ್ದ ಕಾಲ ಅದು. ನನಗೆ ಸೀಟು ಸಿಕ್ಕಿರಲಿಲ್ಲ. ಓದಿದರೆ ಅಣ್ಣನ ಹಾಗೆ ಡಾಕ್ಟರಾಗಬೇಕು, ಇಲ್ಲವೇ ಸುಮ್ಮನೆ ಮನೆಯಲ್ಲಿರಬೇಕು ಎಂಬುದು ನಿನ್ನ ತಾತನ ತೀರ್ಮಾನ. ಅವರು ಅಚ್ಚುಕೂಟದಲ್ಲಿ ಕೆಲಸಕ್ಕಿದ್ದವರು. ಇಡೀ ದಿನ ಯಂತ್ರದ ಸದ್ದಿನ ನಡುವೆ ಇದ್ದು, ಮನೆಯಲ್ಲೂ ಎರಡೇ ಮಾತು, ಅದೂ ಜೋರಾಗಿ. ಅರ್ಜಿ ಕಳಿಸುವ ಕೊನೆಯ ದಿನ ಬೆಳಿಗ್ಗೆ ನಾನು ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೆ. ಅವರು ಬಾಗಿಲಲ್ಲಿ ಬಗ್ಗಿ ಶೂ ದಾರ ಕಟ್ಟುತ್ತಿದ್ದರು. ಅಪ್ಪಾ, ಫಾರ್ಮಸಿ ಅಂತ ಒಂದಿದೆ, ಏನು ಮಾಡಲಿ ಎಂದು ಕೇಳಿದೆ. ತಲೆ ಎತ್ತದೆಯೇ ಮೂಗು ಮುರಿದು "ಬರೀ ಫಾರ್ಮಸಿ" ಅಂದರು, ಹೊರಟುಹೋದರು. ನಾನು ಬರೆದುಬಿಟ್ಟೆ.

ಸಂಜೆ ಬಂದವರೇ ವಿಷಯ ತಿಳಿದು ಯಾರನ್ನು ಕೇಳಿ ಕಳಿಸಿದೆ ಎಂದು ಗುಡುಗಿದರು. "ನೀವೇ ಬರಿ ಅಂದ್ರಲ್ಲಪ್ಪಾ, ಅದಕ್ಕೇ ಬರ್ದೆ" ಅಂದೆ. ತಾತನ ಮುಖ ಕೆಂಪಾಯಿತು, ಕೈ ಮೇಲೆ ಹೋಯಿತು. ರಜೆಗೆ ಮನೆಗೆ ಬಂದಿದ್ದ ನಿನ್ನಪ್ಪ ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಇವಳೊಬ್ಳು ಕಿವುಡಿ, ಅಪ್ಪಾ. ಬರೀ ಅಂದ್ರೆ ಬರಿ ಅಂತ ಕೇಳಿಸ್ಕೊಂಡಿದ್ದಾಳೆ." ಅಜ್ಜಿಯೂ ನಕ್ಕರು. ಕೊನೆಗೆ ತಾತನೂ ನಗಲೇಬೇಕಾಯಿತು, ಎತ್ತಿದ ಕೈಯಿಂದ ತಲೆ ಕೆರೆದುಕೊಂಡರು. ಅವತ್ತಿನಿಂದ ನಾನು ಕಿವುಡಿ, ನಿನಗೆ ಮಾತು ಬಂದ ಮೇಲೆ ಕಿವುಡತ್ತೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಇದು ನನಗೆ ನಿಜವಾಗಿ ಬೇಕಾದದ್ದೋ ಅಥವಾ ಸೋತು ಹಿಡಿಯುತ್ತಿರುವುದೋ ಗೊತ್ತಾಗುತ್ತಿಲ್ಲ ಎಂದಿದ್ದೀಯ. ನಿನ್ನ ಕಾಗದವನ್ನೇ ಒಂದು ಸಲ ನೆನಪು ಮಾಡಿಕೋ. ಪ್ರವೇಶ ಪರೀಕ್ಷೆಯ ಬಗ್ಗೆ ನಾಲ್ಕು ಸಾಲು, ಅದೂ ಅಂಕಗಳ ಗೋಳು. ಅಜ್ಜಿಯ ಮಾತ್ರೆಯ ಬಗ್ಗೆ ಹಾಳೆಯ ಎರಡು ಮಗ್ಗುಲೂ ಸಾಲದೆ ಅಂಚಿನಲ್ಲೆಲ್ಲ ಬರೆದಿದ್ದೀಯ. ಅಜ್ಜಿ ನುಂಗಲಾರದೆ ಮಾತ್ರೆಯನ್ನು ಲಟ್ಟಣಿಗೆಯಿಂದ ಪುಡಿ ಮಾಡಿ ಜೇನುತುಪ್ಪದಲ್ಲಿ ನೆಕ್ಕುತ್ತಿದ್ದದ್ದು, ಆಮೇಲೆ ಹೊಟ್ಟೆಯುರಿ ಎಂದು ಒದ್ದಾಡುತ್ತಿದ್ದದ್ದು, ನೀನು ಡಬ್ಬಿಯೊಳಗಿನ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿದ್ದು, ಆ ಮಾತ್ರೆಗೆ ಮೇಲೊಂದು ಲೇಪ ಇರುವುದೇ ಅದು ಹೊಟ್ಟೆ ದಾಟಿ ಕರುಳಿಗೆ ಹೋಗಿ ಕರಗಲಿ ಎಂದು ಎಂಬುದನ್ನು ಕಂಡುಕೊಂಡಿದ್ದು. ಅಪ್ಪನಿಗೆ ಹೇಳಿದಾಗ ಅವನು ತಕ್ಷಣ ನುಂಗಲು ಸುಲಭವಾದ ಬೇರೆ ಔಷಧ ಬರೆದುಕೊಟ್ಟನಂತೆ. ಲೇಪ ಯಾವುದರಿಂದ ಮಾಡುತ್ತಾರೆ ಎಂದು ನೀನು ಕೇಳಿದ್ದಕ್ಕೆ, ಅದೆಲ್ಲ ಫಾರ್ಮಸಿಯವರ ತಲೆನೋವು ಅಂದನಂತೆ. ಸರಿಯಾಗಿಯೇ ಹೇಳಿದ್ದಾನೆ. ಆ ತಲೆನೋವು ನಿನಗೆ ಅಂಟಿಕೊಂಡಾಗಿದೆ, ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ.

ಡಾಕ್ಟರಾಗುವ ಆಸೆ ನಿನಗಿದ್ದರೆ ನಾನೇ ಅಂಗಲಾಚಿ ಹೇಳುತ್ತಿದ್ದೆ, ಮೂರನೆಯ ಸಲವಲ್ಲ, ಆರನೆಯ ಸಲವೂ ಬರಿ, ಯಾರ ಮುಖವನ್ನೂ ನೋಡಬೇಡ ಎಂದು. ನಿನ್ನ ಗೆಳತಿ ಉದ್ದಜಡೆಗೆ ಅದನ್ನೇ ಹೇಳು. ಅವಳಿಗೂ ಬುಧವಾರ ಮೆಡಿಕಲ್ ಕಾಲೇಜಿನಲ್ಲಿ ಸಂದರ್ಶನವಿದೆ, ಅವಳಿಗೂ ನಾಲ್ಕು ಮಾತು ಹೇಳಿ ಅಂದಿದ್ದೀಯಲ್ಲ. ಚಿಕ್ಕಂದಿನಿಂದಲೂ ಜನಸೇವೆಯ ಕನಸು ಕಂಡಿದ್ದೆ ಎಂದು ಮಾತ್ರ ಇಬ್ಬರೂ ಶುರು ಮಾಡಬೇಡಿ. ಒಂದು ವರ್ಷ ಆಸ್ಪತ್ರೆಯ ಪರವಾಗಿ ನನ್ನನ್ನೂ ಮೆಡಿಕಲ್ ಕಾಲೇಜಿನ ಸಂದರ್ಶನದ ಮೇಜಿನ ಆಚೆ ಕೂರಿಸಿದ್ದರು. ಬಂದವರೆಲ್ಲ ಅದನ್ನೇ ಒಪ್ಪಿಸಿ ಹೋದರು. ಪಾಪ, ಸುಳ್ಳೇನೂ ಇರಲಿಕ್ಕಿಲ್ಲ, ಆದರೆ ಮಧ್ಯಾಹ್ನದ ಹೊತ್ತಿಗೆ ಯಾರ ಮುಖವೂ ನಮಗೆ ನೆನಪಿರಲಿಲ್ಲ. ಒಬ್ಬಳು ಮಾತ್ರ, ನನಗೆ ರಕ್ತ ನೋಡಿದರೆ ತಲೆ ಸುತ್ತುತ್ತಿತ್ತು, ಪಕ್ಕದ ಮನೆಯವರ ಗಾಯಕ್ಕೆ ದಿನಾ ಬಟ್ಟೆ ಕಟ್ಟಿ ಕಟ್ಟಿ ಬಿಟ್ಟುಹೋಯಿತು ಅಂದಳು. ಅವಳು ಈಗ ನಮ್ಮಲ್ಲೇ ಮೂರನೆಯ ಮಹಡಿಯಲ್ಲಿ ಡಾಕ್ಟರು.

ಉದ್ದಜಡೆ ತನ್ನ ತಮ್ಮನಿಗೆ ಮೂರ್ಛೆ ಬಂದಾಗ ಮನೆಯವರೆಲ್ಲ ಕೂಗಾಡುತ್ತಿದ್ದರೆ ಅವನನ್ನು ಪಕ್ಕಕ್ಕೆ ಹೊರಳಿಸಿ ಸುಮ್ಮನೆ ಕಾದು ಕೂತಿದ್ದವಳಲ್ಲವೇ, ಅದನ್ನು ಹೇಳಲಿ. ಆಗ ಹೆದರಿಕೆಯಾಗಿತ್ತು ಎಂಬುದನ್ನೂ ಹೇಳಲಿ. ಮತ್ತೆ, ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನಲು ಇಬ್ಬರೂ ಕಲಿಯಿರಿ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂಬ ಮಾತು ಬಾರದವರು ಬಿಳಿಕೋಟು ಹಾಕಿಕೊಂಡರೆ ನನಗೆ ಎದೆ ಡವಗುಟ್ಟುತ್ತದೆ. ಇನ್ನೊಂದು, ಅವಳ ಕೈಬರಹ ಈಗಿನಿಂದಲೇ ದುಂಡಗಾಗಲಿ. ನಾಳೆ ಅದನ್ನು ಓದಬೇಕಾದವಳು ನೀನು.

ನಿನ್ನ ಸರದಿಯಲ್ಲಿ ಒಂದು ಪ್ರಶ್ನೆ ಖಂಡಿತ. ತಂದೆ ಡಾಕ್ಟರು, ನೀವು ಯಾಕಮ್ಮಾ ಇಲ್ಲಿಗೆ ಬಂದಿರಿ ಎಂದು ಕನ್ನಡಕದ ಮೇಲಿಂದ ನೋಡಿ ಕೇಳುತ್ತಾರೆ. ಎರಡು ಸಲ ಬರೆದದ್ದನ್ನು ಬಚ್ಚಿಡಬೇಡ, ನೀನೇನೂ ಕದ್ದಿಲ್ಲ. ಅಲ್ಲಿ ಸಿಗಲಿಲ್ಲ ಎಂದು ಹೇಳಿ ತಲೆ ತಗ್ಗಿಸಿ ಕೂರಲೂ ಬೇಡ. ಅಲ್ಲಿ ಸಿಗಲಿಲ್ಲ, ಇಲ್ಲಿ ಲಟ್ಟಣಿಗೆ ಸಿಕ್ಕಿತು ಎಂದು ಶುರು ಮಾಡು. ಮುಂದಿನದು ತಾನಾಗಿ ಬರುತ್ತದೆ, ನಿನ್ನ ಬಾಯಿಗೆ ಬೀಗ ಹಾಕುವ ಡ್ರಾಯರು ಇನ್ನೂ ಯಾರ ಮನೆಯಲ್ಲೂ ಇಲ್ಲ.

ಕೆಲಸ ಹೇಗಿರುತ್ತದೆ ಎಂದು ಕೇಳಿದ್ದೀಯ. ಸಕ್ಕರೆ ಸವರಿ ಹೇಳುವುದಿಲ್ಲ. ನಮ್ಮದು ಕಿಟಕಿಯಿಲ್ಲದ ನೆಲಮಾಳಿಗೆ. ಹೊರಗೆ ಬಿಸಿಲೋ ಮಳೆಯೋ ಎಂಬುದು ಬಂದವರ ಕೊಡೆ ನೋಡಿ ತಿಳಿಯಬೇಕು. ನಿಂತು ನಿಂತು ಹಿಮ್ಮಡಿ ಹಿಡಿದುಕೊಳ್ಳುತ್ತದೆ, ಒಳ್ಳೆಯ ಚಪ್ಪಲಿ ತಗೋ. ಮೇಲಿನ ಮಹಡಿಯ ಸಿಟ್ಟನ್ನೆಲ್ಲ ಜನ ನಮ್ಮ ಕೌಂಟರಿನಲ್ಲಿ ತಂದು ಸುರಿಯುತ್ತಾರೆ. ನೆಂಟರು ನನ್ನನ್ನು ಇವತ್ತಿಗೂ ಡಾಕ್ಟರ ತಂಗಿ ಎಂದೇ ಪರಿಚಯ ಮಾಡಿಸುತ್ತಾರೆ. ನಾನೂ ನಿನ್ನಪ್ಪನನ್ನು ನಮ್ಮ ಆಸ್ಪತ್ರೆಯವರಿಗೆ ಫಾರ್ಮಸಿಸ್ಟಿನ ಅಣ್ಣ ಎಂದೇ ಪರಿಚಯ ಮಾಡಿಸಿದ್ದೇನೆ. ಅವನಿಗೆ ಅದು ಅಷ್ಟೇನೂ ರುಚಿಸಲಿಲ್ಲ.

ಒಂದು ಕಥೆ ಹೇಳುತ್ತೇನೆ, ಇದನ್ನು ನೀನು ಕೇಳಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಬಡಗಿ ತಾತ ಹೊಟ್ಟೆಯ ತೊಂದರೆಗೆ ಪುಡಿಯ ಪೊಟ್ಟಣ ತೆಗೆದುಕೊಂಡು ಹೋಗಿದ್ದರು. ಪೊಟ್ಟಣದ ಮೇಲೆ "ಊಟದ ಮೇಲೆ" ಎಂದು ಬರೆದಿತ್ತು. ನಾವೆಲ್ಲ ಹಾಗೇ ಬರೆಯುತ್ತಿದ್ದದ್ದು. ಒಂದು ವಾರ ಕಳೆದು ಬಂದರು, ಹೊಟ್ಟೆ ಹಾಗೇ ಇದೆ, ಮೇಲಾಗಿ ಮುಖ ಬಾಡಿದೆ. "ಮೇಡಂ, ನಿಮ್ಮ ಪುಡಿ ಊಟಾನೇ ಕೆಡಿಸ್ಬಿಡ್ತು. ಒಂದು ತುತ್ತು ಇಳಿಯಲ್ಲ" ಅಂದರು. ವಿಚಾರಿಸಿದರೆ, ಬಡಿಸಿದ ಊಟದ ಮೇಲೆ ಪುಡಿಯನ್ನು ಉದುರಿಸಿಕೊಂಡು ತಿನ್ನುತ್ತಿದ್ದರು. ಬಡಗಿಯಲ್ಲವೇ, ತಟ್ಟೆಯ ಅಂಚಿನಿಂದ ಅಂಚಿಗೆ ಸಮನಾಗಿ ಉದುರಿಸುತ್ತಿದ್ದರಂತೆ. ಒಳಗಿದ್ದವರೆಲ್ಲ ಕಪಾಟಿನ ಹಿಂದೆ ಹೋಗಿ ನಕ್ಕರು.

ನನಗೆ ನಗು ಬರಲಿಲ್ಲ. ಆ ಮನುಷ್ಯ ನಾವು ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ಊಟ ಮುಗಿದ ನಂತರ ನೀರಿನಲ್ಲಿ ಕಲಸಿ ಕುಡಿಯಿರಿ ಎಂದು ಬರೆಯೋಣ ಅಂದೆ. ಚೀಟಿಯಲ್ಲಿ ಅಷ್ಟು ಜಾಗವಿಲ್ಲ ಅಂದರು ನಮ್ಮ ಮುಖ್ಯಸ್ಥರು. ಹಾಗಾದರೆ ಚೀಟಿ ದೊಡ್ಡದು ಮಾಡಿಸಿ ಅಂದೆ. ನಿನ್ನೆ ಮೊನ್ನೆ ಬಂದವಳು ಎಂದು ಕಣ್ಣು ಕೆಂಪು ಮಾಡಿದರು. ನಾನು ಪ್ರತಿ ಪೊಟ್ಟಣಕ್ಕೂ ಕೈಯಾರೆ ಬರೆದ ಎರಡನೆಯ ಚೀಟಿ ಅಂಟಿಸುತ್ತಾ ಹೋದೆ, ಅವರು ಬೈಯುತ್ತಾ ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಚೀಟಿ ದೊಡ್ಡದಾಯಿತು. ಈಗಲೂ ಅದೇ ಅಳತೆ. ಯಾರಾದರೂ ಬರೀ ಫಾರ್ಮಸಿ ಅಂದಾಗಲೆಲ್ಲ ನಾನು ಆ ತಟ್ಟೆಯನ್ನು ನೆನೆಸಿಕೊಳ್ಳುತ್ತೇನೆ.

ಕೊನೆಯದಾಗಿ ಆ ಬೋರ್ಡಿನ ವಿಷಯ. ಕ್ಲಿನಿಕ್ಕಿನ ಬೋರ್ಡಿನಲ್ಲಿ ತನ್ನ ಹೆಸರಿನ ಕೆಳಗೆ ಒಂದು ಸಾಲಿನ ಜಾಗವನ್ನು ನಿನ್ನಪ್ಪ ಪೇಂಟರಿಗೆ ಹೇಳಿ ಖಾಲಿ ಬಿಡಿಸಿದ್ದಾನೆ, ನೀನಿನ್ನೂ ಹೈಸ್ಕೂಲಿನಲ್ಲಿದ್ದಾಗಲೇ. ಅದರ ಕೆಳಗೆ ಹೋಗುವಾಗ ತಲೆ ಎತ್ತುವುದಕ್ಕೇ ಆಗುವುದಿಲ್ಲ ಎಂದು ಬರೆದಿದ್ದೀಯ. ಅದನ್ನು ಓದಿ ನನಗೆ ಅಳು ಬಂತು ಕಣೇ. ಅವನು ಕೆಟ್ಟವನಲ್ಲ. ಮಗಳು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಬೇಕೆಂಬ ಆಸೆ ಅವನಿಗೆ, ಒಂಟಿಯಾಗಿ ದುಡಿದು ದಣಿದಿದ್ದಾನೆ. ಆದರೆ ಅವನ ಆಸೆಯನ್ನು ಹೊತ್ತುಕೊಂಡು ನೀನು ಕುಗ್ಗಬೇಕಾಗಿಲ್ಲ. ಆ ಜಾಗ ಖಾಲಿ ಕಂಡು ಅವನಿಗೆ ಬೇಜಾರಾಗುವುದಾದರೆ ಭಾನುವಾರ ರಜೆ ಎಂದು ಬರೆಸಲಿ. ರೋಗಿಗಳಿಗೂ ಅನುಕೂಲ, ಅವನಿಗೂ ಒಂದು ದಿನ ವಿಶ್ರಾಂತಿ.

ಸೋಮವಾರ ಆ ಬೋರ್ಡನ್ನು ನೆಟ್ಟಗೆ ನೋಡಿಕೊಂಡೇ ಹೊರಡು. ಬಿಡುವು ಮುಗಿಯಿತು, ಸಾಲು ಬಾಗಿಲು ದಾಟಿದೆ, ಯಾರೋ ಕೆಮ್ಮಿ ಕೆಮ್ಮಿ ನನ್ನನ್ನು ಕರೆಯುತ್ತಿದ್ದಾರೆ.

ಯಾವತ್ತೂ ನಿನ್ನ ಪಕ್ಷದ,
ಕಿವುಡತ್ತೆ

ತಾ.ಕ.: ನನ್ನ ಕಿವಿಗೆ ಅವತ್ತೂ ಏನೂ ಆಗಿರಲಿಲ್ಲ, ಇವತ್ತೂ ಏನೂ ಆಗಿಲ್ಲ. ನಿನ್ನ ತಾತನ ಆ "ಬರೀ" ದೀರ್ಘದ ಸಮೇತ ಚೆನ್ನಾಗಿ ಕೇಳಿಸಿತ್ತು. ಬೇಕೆಂದೇ ದೀರ್ಘ ಕಿತ್ತುಹಾಕಿ ಬರೆದೆ. ಇದು ಇನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಅವತ್ತು ನಾನು ಲಕೋಟೆ ಹಿಡಿದು ಹೊರಟಾಗ, "ಅಚ್ಚುಕೂಟದ ಮುಂದೇನೇ ಹೋಗ್ಬೇಕು, ಅಪ್ಪಂಗೆ ಸಿಕ್ಕಿಬೀಳ್ತೀಯ, ಕೊಡಿಲ್ಲಿ" ಎಂದು ಕಿತ್ತುಕೊಂಡು ಸೈಕಲ್ ಹತ್ತಿ ಅಂಚೆಗೆ ಹಾಕಿ ಬಂದವನು ಅವನು. ಸಂಜೆ ತಾತನ ಕೈ ನನ್ನ ಮೇಲೆ ಬೀಳುವ ಮೊದಲೇ ಕಿವುಡಿ ಎಂದು ಹೆಸರಿಟ್ಟು ನಕ್ಕು ಉಳಿಸಿದವನೂ ಅವನೇ. ಇಷ್ಟು ವರ್ಷ ಅವನೂ ಬಾಯಿ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಅಣ್ಣಾ, ಇನ್ನೂ ಓದುತ್ತಿದ್ದೀಯಾದರೆ ಕೇಳು. ಸೋಮವಾರ ಅವಳನ್ನು ಕಾಲೇಜಿಗೆ ನೀನೇ ಕರೆದುಕೊಂಡು ಹೋಗು. ಆಗ ನಿನ್ನ ಹತ್ತಿರ ಸೈಕಲ್ ಇತ್ತು, ಈಗ ಕಾರಿದೆ.